ದಿನಾಲೂ ಸೇರುವುದೋ, ಕೂಡಿಡುವುದೋ? ಮಗು ಬಯಸುವ ದಂಪತಿಗಳಿಗೆ ಐದು ಕ್ರಮಗಳ ಹೋಲಿಕೆ

"ದಿನಾಲೂ ಸೇರಿದರೆ ವೀರ್ಯ ತೆಳುವಾಗಿ ಶಕ್ತಿ ಕಳೆದುಕೊಳ್ಳುತ್ತದೆಯಂತೆ, ನಿಜವೇ?" "ಹದಿನೈದು ದಿನ ತಡೆದುಕೊಂಡು ಆ ಒಂದು ದಿನ ಸೇರಿದರೆ ಗರ್ಭ ನಿಲ್ಲುತ್ತದೆಯೇ?" "ಅವರು ಬೆಂಗಳೂರಿನಲ್ಲಿ, ನಾನು ಚಿತ್ರದುರ್ಗದಲ್ಲಿ. ಶನಿವಾರ ಬಂದು ಸೋಮವಾರ ನಸುಕಿಗೆ ಹೊರಡುತ್ತಾರೆ. ಇಷ್ಟರಲ್ಲಿ ಆಗುತ್ತದೆಯೇ?"

ದಾವಣಗೆರೆಯಲ್ಲಿ ರಕ್ತ, ಮೂತ್ರ, ವೀರ್ಯ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೂರುವ ನನಗೆ ಈ ಪ್ರಶ್ನೆಗಳು ಹೊಸವಲ್ಲ. ಕೇಳುವವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಮದುವೆಯಾಗಿ ವರ್ಷ ತುಂಬುವುದರೊಳಗೆ "ಏನಾದರೂ ವಿಶೇಷವೇ?" ಎಂದು ನಡುಬೀದಿಯಲ್ಲಿ ನಿಲ್ಲಿಸಿ ವಿಚಾರಿಸುವ ನಮ್ಮ ಜನ, ಆ ವಿಶೇಷ ಆಗುವ ಬಗೆಯನ್ನು ಮಾತ್ರ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಹಿರಿಯರದು ಒಂದು ಮಾತು, ಗೆಳೆಯರದು ಇನ್ನೊಂದು, ಮೊಬೈಲಿನದು ಮತ್ತೊಂದು. ಮೂರನ್ನೂ ಕೇಳಿದವರು ಮೊದಲಿಗಿಂತ ಹೆಚ್ಚು ಗೊಂದಲದಲ್ಲಿರುತ್ತಾರೆ.

ನಾನು ವೈದ್ಯನಲ್ಲ. ಕೆಳಗಿನ ಅಂಕಿಗಳು ವೈದ್ಯಲೋಕ ಒಪ್ಪಿಕೊಂಡಿರುವವು. ಯಾರಿಗೆ ಯಾವ ಕ್ರಮ ಒಗ್ಗುತ್ತದೆ ಎಂಬ ಅಭಿಪ್ರಾಯ ನನ್ನದು. ಮಗು ಬಯಸುವ ದಂಪತಿಗಳ ಮುಂದೆ ಸಾಮಾನ್ಯವಾಗಿ ಐದು ದಾರಿಗಳಿರುತ್ತವೆ: ದಿನಾಲೂ ಸೇರುವುದು, ದಿನ ಬಿಟ್ಟು ದಿನ ಸೇರುವುದು, ತಿಂಗಳಿಡೀ ಲೆಕ್ಕವಿಡದೆ ವಾರಕ್ಕೆ ಎರಡು ಮೂರು ಸಲ ಸೇರುವುದು, ಕೂಡಿಟ್ಟುಕೊಂಡು ಒಂದೇ ದಿನ ಸೇರುವುದು, ಮತ್ತು ದೂರದೂರಿನ ನೌಕರಿಯವರ ವಾರಾಂತ್ಯದ ಕ್ರಮ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯ ಅಳತೆ ಸಮಯ. ಅಂಡಾಶಯದಿಂದ ಹೊರಬಂದ ಅಂಡ ಬದುಕಿರುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹಾಗಲ್ಲ, ಹೆಣ್ಣಿನ ದೇಹದೊಳಗೆ ಅದು ಐದು ದಿನದವರೆಗೂ ಜೀವ ಹಿಡಿದುಕೊಂಡಿರಬಲ್ಲದು. ಆದ್ದರಿಂದ ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕಿಂತ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲಿ ಸೇರಿದರೆ ಮಾತ್ರ ಗರ್ಭ ನಿಲ್ಲುವ ಸಾಧ್ಯತೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 221 ಮಹಿಳೆಯರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಖಚಿತಪಡಿಸಿತು. ಐದು ದಿನ ಮುಂಚೆ ಸೇರಿದರೆ ಗರ್ಭ ನಿಲ್ಲುವ ಸಾಧ್ಯತೆ ಶೇಕಡಾ 10ರಷ್ಟಿತ್ತು. ಅಂಡ ಬಿಡುಗಡೆಯ ದಿನ ಹತ್ತಿರವಾದಂತೆ ಅದು ಏರುತ್ತಾ 33ರವರೆಗೆ ಹೋಯಿತು. ಮರುದಿನದಿಂದ ಏನೂ ಇಲ್ಲ. ಒಟ್ಟಿನಲ್ಲಿ, ತಡವಾಗಿ ಬಂದವನಿಗಿಂತ ಮುಂಚೆ ಬಂದು ಕಾದವನಿಗೆ ಲಾಭ.

ಅಂಡ ಬಿಡುಗಡೆ ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಆಗುತ್ತದೆ. "ಮುಟ್ಟಾದ ಹದಿನಾಲ್ಕನೆಯ ದಿನ" ಎಂಬ ಮಾತು 28 ದಿನದ ಚಕ್ರದವರಿಗೆ (ಒಂದು ಮುಟ್ಟು ಶುರುವಾದ ದಿನದಿಂದ ಮುಂದಿನ ಮುಟ್ಟಿನವರೆಗಿನ ದಿನಗಳೇ ಚಕ್ರ) ಮಾತ್ರ ಹೊಂದುತ್ತದೆ. ಚಕ್ರ 35 ದಿನದ್ದಾದರೆ ಅದು 21ನೆಯ ದಿನ, 24 ದಿನದ್ದಾದರೆ 10ನೆಯ ದಿನ. 35 ದಿನದ ಚಕ್ರದವರು ಹದಿನಾಲ್ಕನೆಯ ದಿನಕ್ಕೆ ಕಾದು ಕುಳಿತರೆ ತಿಂಗಳು ತಿಂಗಳೂ ವಾರ ಮುಂಚೆಯೇ ಎಲ್ಲ ಮುಗಿಸಿ ಸುಮ್ಮನಾಗುತ್ತಾರೆ. ತಿಂಗಳಿಂದ ತಿಂಗಳಿಗೆ ಏರುಪೇರಾಗುವವರು ಕಳೆದ ಆರೇಳು ತಿಂಗಳ ಚಕ್ರಗಳಲ್ಲಿ ಅತಿ ಚಿಕ್ಕದರಿಂದ 18 ಕಳೆಯಲಿ, ಅತಿ ದೊಡ್ಡದರಿಂದ 11 ಕಳೆಯಲಿ. ಬರುವ ಎರಡು ಸಂಖ್ಯೆಗಳ ನಡುವಿನ ದಿನಗಳೇ ಅವರ ಫಲವಂತಿಕೆಯ ದಿನಗಳು. ಲೆಕ್ಕಕ್ಕಿಂತ ಒಳ್ಳೆಯ ಗುರುತು ಒಂದಿದೆ: ಆ ದಿನಗಳಲ್ಲಿ ಯೋನಿಯಿಂದ ಬರುವ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳಲ್ಲಿ ಎಳೆದರೆ ಎಳೆ ಬರುತ್ತದೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಎರಡನೆಯ ಅಳತೆ ವೀರ್ಯದ್ದು. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ: ಎಷ್ಟಿದೆ ಎಂಬುದು ಒಂದು, ಹೇಗಿದೆ ಎಂಬುದು ಇನ್ನೊಂದು. ನಮ್ಮಲ್ಲಿ ಎಲ್ಲರೂ ಮೊದಲನೆಯದರ ಬೆನ್ನು ಹತ್ತುತ್ತಾರೆ. ರಿಪೋರ್ಟು ಕೈಗೆ ಬಂದೊಡನೆ "ಕೌಂಟ್ ಎಷ್ಟು?" ಎಂದಷ್ಟೇ ಕೇಳುತ್ತಾರೆ, ಚಲನೆಯ ಸಾಲಿಗೆ ಕಣ್ಣು ಹಾಯಿಸುವವರು ಕಡಿಮೆ.

ಮೂರನೆಯದು, ಈ ಕ್ರಮವನ್ನು ಆರು ತಿಂಗಳು, ವರ್ಷ ನಡೆಸಿಕೊಂಡು ಹೋಗಲು ಇಬ್ಬರಿಗೂ ಆಗುತ್ತದೆಯೇ ಎಂಬುದು. ಒಂದು ತಿಂಗಳಲ್ಲಿ ಮುಗಿಯುವ ಕೆಲಸ ಇದಲ್ಲ. ನಾಲ್ಕನೆಯದು ಮನೆ ಮತ್ತು ನೌಕರಿ: ಎರಡು ಕೋಣೆಯ ಮನೆಯಲ್ಲಿ ಅತ್ತೆ, ಮಾವ, ಮೈದುನರ ನಡುವೆ ಇರುವವರಿಗೂ ಬೇರೆ ಮನೆ ಮಾಡಿಕೊಂಡವರಿಗೂ ಒಂದೇ ಸಲಹೆ ಹೊಂದುವುದಿಲ್ಲ. ಹಣದ ಮಾತು ಕಡೆಯಲ್ಲಿ ಬರುತ್ತದೆ, ಏಕೆಂದರೆ ಈ ಐದು ಕ್ರಮಗಳಿಗೂ ಹಣ ಬೇಕಿಲ್ಲ. ಹಣ ಹೋಗುವುದು ಸುತ್ತಲಿನ ಪರೀಕ್ಷೆ, ಔಷಧಿ, ಭಯಗಳಿಗೆ.

ಕೂಡಿಟ್ಟು ಒಂದೇ ದಿನ

ಇದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅತಿ ಹೆಚ್ಚು ಜನ ನಂಬಿರುವುದೂ ಇದನ್ನೇ, ಅತಿ ಹೆಚ್ಚು ಹಾನಿ ಮಾಡುತ್ತಿರುವುದೂ ಇದೇ.

ವೀರ್ಯ ಪರೀಕ್ಷೆಗೆ ಬಂದವರಿಗೆ ನಾವು ಒಂದು ಚೀಟಿ ತುಂಬಲು ಕೊಡುತ್ತೇವೆ. ಅದರಲ್ಲಿ ಕಡೆಯ ಬಾರಿ ಸ್ಖಲನವಾಗಿ ಎಷ್ಟು ದಿನವಾಯಿತು ಎಂಬ ಸಾಲು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಅಲ್ಲಿ ಎರಡರಿಂದ ಏಳು ದಿನ ಇರಬೇಕು. ಕೆಲವರು ಅಲ್ಲಿ 20 ದಿನ, ಒಂದು ತಿಂಗಳು ಎಂದು ಬರೆದು, ಪೆನ್ನು ಮುಚ್ಚಳ ಹಾಕಿ ಹಿಂದಿರುಗಿಸುವಾಗ ಪರೀಕ್ಷೆ ಪಾಸಾದವರ ಹಾಗೆ ನೋಡುತ್ತಾರೆ. ಅವರನ್ನು ವಾಪಸು ಕಳಿಸಿ ಇನ್ನೊಂದು ದಿನ ಬರಹೇಳಬೇಕಾಗುತ್ತದೆ. ಜಗಳೂರಿನಿಂದಲೋ ಹೊಸದುರ್ಗದಿಂದಲೋ ಬೆಳಗಿನ ಬಸ್ಸಿಗೆ ಬಂದವರಿಗೆ ಇದನ್ನು ಹೇಳುವುದು ಸುಲಭದ ಕೆಲಸವಲ್ಲ.

ಈ ನಂಬಿಕೆಯ ಬೇರು ಆಳದಲ್ಲಿದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಬೇಕು, ಧಾತು ನಷ್ಟವಾದರೆ ದೇಹ ಸೊರಗುತ್ತದೆ ಎಂಬುದನ್ನು ನಾವೆಲ್ಲ ಹುಡುಗರಾಗಿದ್ದಾಗಲೇ ಕೇಳಿದ್ದೇವೆ. ಬಸ್ ನಿಲ್ದಾಣದ ಗೋಡೆಯ ಮೇಲೆ "ಗುಪ್ತರೋಗ ತಜ್ಞರು" ಅಂಟಿಸಿದ ಚೀಟಿಗಳೂ ಅದನ್ನೇ ಹೇಳುತ್ತವೆ. ಈ ಭಯದಿಂದ ಗಂಡಸರಿಗೆ ಬರುವ ಸುಸ್ತು, ನಿದ್ರಾಹೀನತೆ, ಖಿನ್ನತೆಗೆ ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ಅಂದರೆ ಕಾಯಿಲೆ ಇರುವುದು ಭಯದಲ್ಲಿ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ನೂರಕ್ಕೆ ಹೆಚ್ಚೆಂದರೆ ಐದು. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸ್ರವಿಸುವ ದ್ರವ. ಅದು ದಿನದಿನವೂ ತಯಾರಾಗುತ್ತದೆ. ರಕ್ತ ಬಸಿದು ಬರುವುದಲ್ಲ.

ಇನ್ನು ವೀರ್ಯಾಣುವಿನ ಕಥೆ. ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಬೆನ್ನಿಗಂಟಿದ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಎರಡು ವಾರದ ಆಸುಪಾಸು ಇದ್ದು ಈಜಲು ಕಲಿಯುತ್ತದೆ. ಈ ಕಾರ್ಖಾನೆಗೆ ರಜೆ ಇಲ್ಲ. ಆರೋಗ್ಯವಂತ ಗಂಡಸಿನಲ್ಲಿ ದಿನಕ್ಕೆ ಕೋಟಿಗಟ್ಟಲೆ ಹೊಸವು ಹುಟ್ಟುತ್ತವೆ. ಹೊರಹೋಗದವು ಆ ನಾಳದಲ್ಲೇ ಕಾಯುತ್ತಾ ಮುದಿಯಾಗುತ್ತವೆ. ಕಾಯುವ ದಿನ ಹೆಚ್ಚಾದಂತೆ ಅವುಗಳ ಚಲನೆ ಕುಗ್ಗುತ್ತದೆ, ಒಳಗಿನ ಡಿಎನ್‌ಎ ಎಳೆಗಳು ತುಂಡಾಗುವುದು ಹೆಚ್ಚುತ್ತದೆ. ನಮ್ಮ ಕಡೆಯ ರೈತರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಬೆಲೆ ಬರಲೆಂದು ಬಹಳ ದಿನ ಚೀಲದಲ್ಲಿ ಕೂಡಿಟ್ಟ ಮೆಕ್ಕೆಜೋಳದ ತೂಕ ಉಳಿದಿರಬಹುದು, ಬಿಚ್ಚಿ ನೋಡಿದರೆ ಹುಳು.

ಆದ್ದರಿಂದ ಕೂಡಿಟ್ಟವನ ರಿಪೋರ್ಟಿನಲ್ಲಿ ಪ್ರಮಾಣ ಮತ್ತು ಸಂಖ್ಯೆ ಚೆನ್ನಾಗಿಯೇ ಕಾಣುತ್ತವೆ. ಮೋಸ ಹೋಗುವುದು ಅಲ್ಲೇ. ಐದು ದಿನಕ್ಕಿಂತ ಹೆಚ್ಚು ತಡೆದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಸಮಯದ ಅಳತೆಯಲ್ಲಂತೂ ಈ ಕ್ರಮ ಪೂರಾ ಸೋಲುತ್ತದೆ. ಇಡೀ ತಿಂಗಳ ಬಾಜಿಯನ್ನು ಒಂದೇ ರಾತ್ರಿಯ ಮೇಲೆ ಕಟ್ಟಿದಿರಿ. ಅಂಡ ಎರಡು ದಿನ ಮುಂಚೆ ಬಿಡುಗಡೆಯಾಗಿದ್ದರೆ ಆ ತಿಂಗಳು ಹೋಯಿತು. ಅದರ ಮೇಲೆ, "ಇವತ್ತೇ ಆಗಬೇಕು" ಎಂಬ ಒತ್ತಡದಲ್ಲಿ ನಿಮಿರುವಿಕೆ ಕೈಕೊಡುವುದು ಗಂಡಸರಲ್ಲಿ ಸಾಮಾನ್ಯ. ಆಮೇಲೆ ಹೆಂಡತಿ ಅಳುತ್ತಾಳೆ, ಗಂಡ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಯಾರಿಗೂ ನಾನು ಈ ಕ್ರಮ ಹೇಳುವುದಿಲ್ಲ.

ಒಂದು ಪ್ರಶ್ನೆ ಇಲ್ಲಿಯೇ ಬರುತ್ತದೆ: ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಬ್ರಹ್ಮಚರ್ಯದಲ್ಲಿರುತ್ತಾರಲ್ಲ, ಅವರ ಗತಿ? ಚಿಂತೆ ಬೇಡ. ವ್ರತದಿಂದ ಉತ್ಪಾದನೆ ನಿಲ್ಲುವುದಿಲ್ಲ, ಶಾಶ್ವತ ತೊಂದರೆಯೂ ಇಲ್ಲ. ಮಾಲೆ ತೆಗೆದ ಮೇಲೆ ಮೊದಲ ಒಂದೆರಡು ಸ್ಖಲನದಲ್ಲಿ ಹಳೆಯವು ಹೊರಹೋಗುತ್ತವೆ. ಫಲವಂತಿಕೆಯ ದಿನಗಳು ಬರುವ ಮುಂಚೆಯೇ ಅದು ಆಗಲಿ, ಅಷ್ಟೆ. ಆದರೆ ವ್ರತದ ನಡುವೆ ಒಂದು ಚಕ್ರ, ಆಷಾಢಕ್ಕೆ ತವರಿಗೆ ಹೋದಾಗ ಇನ್ನೊಂದು ಚಕ್ರ ಕೈತಪ್ಪುತ್ತದೆ. ಮೂವತ್ತೈದು ದಾಟಿದ ಹೆಣ್ಣಿಗೆ ವರ್ಷದಲ್ಲಿ ಎರಡು ಮೂರು ಚಕ್ರ ಸಣ್ಣ ಮಾತಲ್ಲ. ಮನೆಯ ಹಿರಿಯರು ಇದನ್ನು ತಾವಾಗಿ ಯೋಚಿಸುವುದಿಲ್ಲ, ನೀವೇ ಹೇಳಬೇಕು.

ದಿನಾಲೂ

ಮೇಲಿನ 1995ರ ಅಧ್ಯಯನದ ಲೆಕ್ಕದಲ್ಲಿ ದಿನಾಲೂ ಸೇರಿದವರಿಗೆ ಒಂದು ಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಶೇಕಡಾ 37, ದಿನ ಬಿಟ್ಟು ದಿನ ಸೇರಿದವರಿಗೆ 33, ವಾರಕ್ಕೊಮ್ಮೆ ಸೇರಿದವರಿಗೆ 15. ಅಂಕಿಯಲ್ಲಿ ಗೆದ್ದದ್ದು ದಿನಾಲೂ.

ವೀರ್ಯ "ನೀರಾಗುವ" ಭಯದಲ್ಲಿ ಅರ್ಧ ಸತ್ಯವಿದೆ. ದಿನಾಲೂ ಸ್ಖಲಿಸಿದರೆ ಪ್ರಮಾಣವೂ ಒಟ್ಟು ಸಂಖ್ಯೆಯೂ ಕಡಿಮೆಯಾಗುತ್ತವೆ, ನೋಡಲು ತೆಳುವಾಗಿಯೂ ಕಾಣಬಹುದು. ಆದರೆ ಹೊರಬರುವವು ತಾಜಾ. ಸಿಡ್ನಿಯ ವೈದ್ಯ ಡೇವಿಡ್ ಗ್ರೀನಿಂಗ್ ಅವರು ಡಿಎನ್‌ಎ ಹಾನಿ ಹೆಚ್ಚಿದ್ದ 118 ಗಂಡಸರಿಗೆ ಏಳು ದಿನ ದಿನಾಲೂ ಸ್ಖಲಿಸಲು ಹೇಳಿ, ಅವರಲ್ಲಿ ಹೆಚ್ಚಿನವರಲ್ಲಿ ಆ ಹಾನಿ ಇಳಿದದ್ದನ್ನು 2009ರಲ್ಲಿ ವರದಿ ಮಾಡಿದರು. ಸಾಮಾನ್ಯ ಸಂಖ್ಯೆ ಇರುವವನಿಗೆ ದಿನಾಲೂ ಸೇರಿದರೂ ಗರ್ಭ ನಿಲ್ಲಲು ಬೇಕಾದಷ್ಟು ಉಳಿದೇ ಇರುತ್ತದೆ.

ಹಾಗಾದರೆ ಎಲ್ಲರೂ ದಿನಾಲೂ ಸೇರಬೇಕೇ? ಫಲವಂತಿಕೆಯ ಆರು ದಿನ ಇಬ್ಬರಿಗೂ ಇಷ್ಟವಿದ್ದರೆ ಧಾರಾಳವಾಗಿ. ತಿಂಗಳಿಡೀ ದಿನಾಲೂ ಎಂದರೆ ಎರಡನೆಯ ತಿಂಗಳಿಗೆ ಅದು ಹಾಜರಿ ಪುಸ್ತಕವಾಗುತ್ತದೆ. ಹಗಲೆಲ್ಲ ಅಂಗಡಿಯಲ್ಲಿ ನಿಂತವನಿಗೆ, ಎರಡು ಹೊತ್ತಿನ ಅಡುಗೆಯ ಜೊತೆ ನೌಕರಿಯನ್ನೂ ಮಾಡುವವಳಿಗೆ ಇದನ್ನು ಹೇರುವುದರಲ್ಲಿ ಅರ್ಥವಿಲ್ಲ. 37ಕ್ಕೂ 33ಕ್ಕೂ ಇರುವ ಅಂತರ ಅಷ್ಟು ದೊಡ್ಡದಲ್ಲ.

ಈ ಕ್ರಮ ನಿಜವಾಗಿ ಬೇಕಾಗುವುದು, ಯಾರಿಗೆ ಎಲ್ಲರೂ ಕೂಡಿಡು ಎನ್ನುತ್ತಾರೋ ಅವರಿಗೆ, ಅಂದರೆ ಸಂಖ್ಯೆ ಕಡಿಮೆ ಇರುವವರಿಗೆ. ಇಸ್ರೇಲಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವೀರ್ಯ ಮಾದರಿಗಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಖ್ಯೆ ಕಡಿಮೆ ಇದ್ದವರ ವೀರ್ಯಾಣುಗಳ ಚಲನೆ ಒಂದೇ ದಿನ ತಡೆದಾಗ ಅತ್ಯುತ್ತಮವಾಗಿತ್ತು. ತಡೆದ ದಿನಗಳು ಹೆಚ್ಚಾದಂತೆ ಇಳಿಯುತ್ತಾ ಹೋಯಿತು. ಇರುವುದೇ ಕಡಿಮೆ, ಅದನ್ನೂ ಖರ್ಚು ಮಾಡಿದರೆ ಹೇಗೆ ಎಂದು ಅನ್ನಿಸುವುದು ಸಹಜ. ಆದರೆ ಇರುವ ಸ್ವಲ್ಪ ವೀರ್ಯಾಣುಗಳೂ ಮುದಿಯಾದವೇ ಆದರೆ ಪ್ರಯೋಜನವೇನು? ಇಂಥವರು ತಮ್ಮ ವೈದ್ಯರೊಡನೆ ಮಾತಾಡಿ ಫಲವಂತಿಕೆಯ ದಿನಗಳಲ್ಲಿ ದಿನಾಲೂ ಸೇರುವುದನ್ನು ಯೋಚಿಸಬಹುದು.

ದಿನ ಬಿಟ್ಟು ದಿನ

ನನ್ನ ಮತ ಇದಕ್ಕೆ. ಆರು ದಿನದ ಕಿಟಕಿಯಲ್ಲಿ ಮೂರು ಸಲ ಸೇರಿದಂತಾಗುತ್ತದೆ. ಅಂಡ ಒಂದು ದಿನ ಹಿಂದೆ ಮುಂದೆ ಆದರೂ ಅದರ ಹಾದಿಯಲ್ಲಿ ಜೀವಂತ ವೀರ್ಯಾಣುಗಳು ಇದ್ದೇ ಇರುತ್ತವೆ. ಸಂಖ್ಯೆ ಕುಸಿಯುವುದಿಲ್ಲ, ಮುದಿಯಾಗಲು ಸಮಯವೂ ಇಲ್ಲ. 28 ದಿನದ ಚಕ್ರದವರು ಎಂಟನೆಯ ದಿನ ಶುರು ಮಾಡಿ 8, 10, 12, 14 ಎಂದು ಹೋದರೆ ಸಾಕು. ಚಕ್ರ ಏರುಪೇರಾಗುವವರು ಒಂದು ವಾರ ಮುಂದುವರಿಸಲಿ. ಒಂದು ರಾತ್ರಿ ತಪ್ಪಿತೆಂದು ಮನಸ್ತಾಪ ಬೇಡ. ಮರುದಿನ ಸೇರಿ ಮುಂದುವರಿಯಿರಿ.

ಅಂಡ ಬಿಡುಗಡೆಯ ಕಿಟ್ ಕೊಳ್ಳಬೇಕೇ ಎಂದು ಕೇಳುತ್ತಾರೆ. ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದನ್ನು ಅದು ತೋರಿಸುತ್ತದೆ; ಗೆರೆ ಮೂಡಿದ ಮೇಲೆ ಸುಮಾರು ಒಂದೂವರೆ ದಿನದೊಳಗೆ ಅಂಡ ಬಿಡುಗಡೆ. ಔಷಧ ಅಂಗಡಿಯಲ್ಲಿ ಐದಾರು ಪಟ್ಟಿಯ ಪೆಟ್ಟಿಗೆಗೆ ಕೆಲವು ನೂರು ರೂಪಾಯಿ. ದಿನ ಬಿಟ್ಟು ದಿನ ಸೇರುವವರಿಗೆ ಅದರ ಅಗತ್ಯವೇ ಇಲ್ಲ. ಗೆರೆ ಬರಲಿ ಎಂದು ಕಾದು ಸೇರುವವರು ಮುಂಚಿನ ಮೂರು ನಾಲ್ಕು ಒಳ್ಳೆಯ ದಿನಗಳನ್ನು ಕಳೆದುಕೊಂಡಿರುತ್ತಾರೆ. ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆಗಳಾಗಿ ಮುಟ್ಟು ಏರುಪೇರಾಗುವ ತೊಂದರೆ) ಇರುವವರಿಗೆ ಅದು ಸುಳ್ಳು ಗೆರೆಯನ್ನೂ ತೋರಿಸಬಹುದು.

ಲೆಕ್ಕವಿಡದೆ ವಾರಕ್ಕೆ ಎರಡು ಮೂರು ಸಲ

ತಾರೀಖು, ಕಿಟ್, ಆ್ಯಪ್ ಯಾವುದೂ ಬೇಡ ಎನ್ನುವವರಿಗೆ ಇದು. ಬ್ರಿಟನ್ನಿನ ಮಾರ್ಗಸೂಚಿ ಹೇಳುವುದೂ ಇದನ್ನೇ: ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ. ಸರಿಯಾಗಿ ನಡೆದರೆ ದಿನ ಬಿಟ್ಟು ದಿನದ ಕ್ರಮಕ್ಕೆ ಹತ್ತಿರದ ಫಲವೇ ಸಿಗುತ್ತದೆ. ಮದುವೆಯಾಗಿ ಇನ್ನೂ ವರ್ಷವಾಗದ, ವಯಸ್ಸು ಮೂವತ್ತು ಮೀರದ ದಂಪತಿಗಳು ಇದನ್ನು ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಹಳೇ ದಾವಣಗೆರೆಯ ಒತ್ತೊತ್ತಿನ ಮನೆಗಳಲ್ಲಿ, ಹಿರಿಯರು ಮಠಕ್ಕೋ, ಒಬ್ಬಟ್ಟಿನೂಟಕ್ಕೆ ನೆಂಟರ ಮನೆಗೋ ಹೋದ ದಿನವನ್ನೇ ನೋಡಿಕೊಳ್ಳಬೇಕಾದವರಿಗೂ ಇದೇ ಅನುಕೂಲ. ಅಪಾಯ ಒಂದೇ: ಕೆಲಸದ ಒತ್ತಡದಲ್ಲಿ ವಾರಕ್ಕೆ ಮೂರು ಎಂದುಕೊಂಡದ್ದು ಒಂದಕ್ಕೆ ಇಳಿದರೂ ಗೊತ್ತಾಗುವುದಿಲ್ಲ.

ಶನಿವಾರ ಬಂದು ಸೋಮವಾರ ಹೋಗುವವರು

ಚಿತ್ರದುರ್ಗ, ದಾವಣಗೆರೆ ಎರಡೂ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ನಮ್ಮ ಹುಡುಗರಲ್ಲಿ ಅನೇಕರು ವಾರವೆಲ್ಲ ಅಲ್ಲಿ, ವಾರಾಂತ್ಯ ಇಲ್ಲಿ. ಇವರಿಗಾಗಿಯೇ ಒಂದು ಲೆಕ್ಕ ಹೇಳುತ್ತೇನೆ.

ಚಕ್ರ ಸರಿಯಾಗಿ 28 ದಿನದ್ದಾದರೆ ಅದು ಸರಿಯಾಗಿ ನಾಲ್ಕು ವಾರ. ಅಂದರೆ ಮುಟ್ಟು ಪ್ರತಿ ಸಲವೂ ವಾರದ ಅದೇ ದಿನಕ್ಕೆ ಬರುತ್ತದೆ, ಅಂಡ ಬಿಡುಗಡೆಯೂ ಹಾಗೆಯೇ. ಮುಟ್ಟು ಸೋಮವಾರ ಶುರುವಾಗುವವರಿಗೆ ಅಂಡ ಬಿಡುಗಡೆ ಭಾನುವಾರದ ಹೊತ್ತಿಗೆ. ಶನಿವಾರ, ಭಾನುವಾರ ಎರಡೂ ಅತ್ಯುತ್ತಮ ದಿನಗಳು. ಅದೇ ಮುಟ್ಟು ಶನಿವಾರ ಶುರುವಾಗುವವರಿಗೆ ಅಂಡ ಬಿಡುಗಡೆ ಶುಕ್ರವಾರ. ಗಂಡ ಶನಿವಾರ ಬ್ಯಾಗು ಇಳಿಸುವ ಹೊತ್ತಿಗೆ ಕಾಲ ಮೀರಿದೆ. ಹಿಂದಿನ ಭಾನುವಾರದ ಸೇರುವಿಕೆ ಕಿಟಕಿಯ ಮೊದಲ ದಿನಕ್ಕೆ, ಸಾಧ್ಯತೆ ಅತಿ ಕಡಿಮೆ ಇರುವ ದಿನಕ್ಕೆ ಬೀಳುತ್ತದೆ. ಇಂಥವರು ವರ್ಷಗಟ್ಟಲೆ "ತಪ್ಪದೆ ಪ್ರತಿ ವಾರ" ಸೇರಿಯೂ ಪ್ರತಿ ತಿಂಗಳೂ ಅಂಚಿನಲ್ಲೇ ತಪ್ಪಿಸಿಕೊಳ್ಳುತ್ತಾರೆ. ಇಬ್ಬರ ದೇಹದಲ್ಲೂ ದೋಷವಿಲ್ಲ, ದೋಷ ಕ್ಯಾಲೆಂಡರಿನದು. ತಿಂಗಳಿಗೊಮ್ಮೆ ಬುಧವಾರ, ಗುರುವಾರ ರಜೆ ಹಾಕಿ ಬಂದರೆ ಲಕ್ಷಗಟ್ಟಲೆಯ ಚಿಕಿತ್ಸೆಯ ಮಾತೇ ಬರದೆ ಹೋಗಬಹುದು. ಅಥವಾ ಆಕೆಯೇ ನಾಲ್ಕು ದಿನ ಬೆಂಗಳೂರಿಗೆ ಹೋಗಲಿ. ಚಕ್ರ 29 ಅಥವಾ 30 ದಿನದ್ದಾದರೆ ಆ ದಿನ ತಿಂಗಳಿಂದ ತಿಂಗಳಿಗೆ ಸರಿಯುತ್ತಾ ಹೋಗುತ್ತದೆ. ಅಂಥವರಿಗೆ ಕೆಲವು ತಿಂಗಳು ತಾನಾಗಿಯೇ ಹೊಂದುತ್ತದೆ. ಕಿಟ್‌ಗೆ ಹಣ ಹಾಕುವುದು ಸಾರ್ಥಕವಾಗುವುದು ಇವರಿಗೆ, ಯಾವ ವಾರ ರಜೆ ಹಾಕಬೇಕೆಂದು ತಿಳಿಯಲು.

ಇನ್ನೊಂದು ಮಾತು ಹೇಳಲು ಕೆಲವರಿಗೆ ಸಂಕೋಚ, ನನಗಿಲ್ಲ. ವಾರವಿಡೀ ಬೆಂಗಳೂರಿನ ಕೋಣೆಯಲ್ಲಿ ಒಬ್ಬನೇ ಇರುವವನು ಶನಿವಾರಕ್ಕಾಗಿ ಕೂಡಿಡಬೇಕಿಲ್ಲ. ವಾರದ ನಡುವೆ, ಬುಧವಾರವೋ ಗುರುವಾರವೋ, ಹಸ್ತಮೈಥುನದಿಂದ ಒಮ್ಮೆ ಸ್ಖಲಿಸಿದರೆ ಹಳೆಯವು ಹೋಗಿ ಶನಿವಾರಕ್ಕೆ ಹೊಸವು ಸಿದ್ಧವಾಗಿರುತ್ತವೆ. ಮಗು ಬಯಸುವ ಗಂಡಸಿಗೆ ಇದು ತಪ್ಪೂ ಅಲ್ಲ, ನಷ್ಟವೂ ಅಲ್ಲ.

ಎಷ್ಟು ಸಲ ಎಂಬುದು ಮುಖ್ಯವಲ್ಲದ ಸಂದರ್ಭಗಳು

ಕ್ರಮ ಬದಲಿಸಿ ಏನೂ ಆಗದ ಕಡೆಗಳೂ ಇವೆ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಬಾಣಲೆಯ ಮುಂದೆ ನಿಲ್ಲುವವನನ್ನು ನೋಡಿ. ಬೆಂಕಿ ಅವನ ಸೊಂಟದ ಮಟ್ಟಕ್ಕಿರುತ್ತದೆ, ಗಂಟೆಗಟ್ಟಲೆ. ವೃಷಣಗಳು ದೇಹದ ಹೊರಗೆ ತೂಗುತ್ತಿರುವುದೇ ಮೈಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕೆಂದು. ಆ ತಂಪು ದಿನಾಲೂ ತಪ್ಪಿದರೆ ಸಂಖ್ಯೆ ಇಳಿಯುತ್ತದೆ. ಬಾಯ್ಲರಿನ ಬಳಿಯವರು, ಎಂಜಿನ್ ಬಿಸಿಯ ಮೇಲೆ ಇಡೀ ದಿನ ಕೂರುವ ಲಾರಿ ಚಾಲಕರು, ಮೈಗೆ ರಕ್ಷಣೆಯಿಲ್ಲದೆ ಹೊಲಕ್ಕೆ ಕೀಟನಾಶಕ ಹೊಡೆಯುವವರು ದಿನ ಎಣಿಸುವ ಮೊದಲು ಕೆಲಸದ ಬಗೆ ನೋಡಿಕೊಳ್ಳಬೇಕು. ಸಡಿಲ ಹತ್ತಿಯ ಒಳಉಡುಪು, ನಡುನಡುವೆ ಎದ್ದು ಓಡಾಟ, ಸಾಧ್ಯವಾದರೆ ಪಾಳಿಯಲ್ಲಿ ಜಾಗ ಬದಲಾವಣೆ. ಬೀಡಿ, ಸಿಗರೇಟು, ಗುಟ್ಕಾ, ಕುಡಿತದ ಮಾತು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿದ್ದೂ ಬಿಡದವರಿಗೆ ನಾನು ಹೇಳಿ ಪ್ರಯೋಜನವಿಲ್ಲ.

ಗೊತ್ತಿಲ್ಲದ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಜಿಮ್‌ನಲ್ಲಿ ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರೋನ್ ಇಂಜೆಕ್ಷನ್ "ಗಂಡಸುತನ" ಹೆಚ್ಚಿಸುವುದಿಲ್ಲ. ಹೊರಗಿನಿಂದ ಹಾರ್ಮೋನು ಬಂತೆಂದು ಮೆದುಳು ವೃಷಣಕ್ಕೆ ಕಳಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪಾದನೆ ಸೊನ್ನೆಗೂ ಇಳಿಯಬಹುದು. ತೋಳು ಕಲ್ಲಿನಂತಿದ್ದವನ ಮಾದರಿಯಲ್ಲಿ ಒಂದೂ ವೀರ್ಯಾಣು ಕಾಣದೆ, ಸೂಕ್ಷ್ಮದರ್ಶಕದ ಗಾಜನ್ನು ಮತ್ತೆ ಮತ್ತೆ ಸರಿಸಿ ಹುಡುಕಿದ್ದುಂಟು. ಅಂಥವನು ದಿನಾಲೂ ಸೇರಿದರೂ ಒಂದೇ, ತಿಂಗಳಿಗೊಮ್ಮೆ ಸೇರಿದರೂ ಒಂದೇ. ಮೊದಲು ಇಂಜೆಕ್ಷನ್ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಎಂಜಲು, ಆಲಿವ್ ಎಣ್ಣೆ, ಅಂಗಡಿಯ ಅನೇಕ ಜಾರುದ್ರವಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತವೆ. ಈ ದಿನಗಳಲ್ಲಿ ಬಿಡುವುದು ಒಳ್ಳೆಯದು. ಸೇರಿದ ಮೇಲೆ ಸ್ವಲ್ಪ ವೀರ್ಯ ಹೊರಗೆ ಹರಿಯುವುದು ಸಹಜ. ಕಾಲು ಮೇಲೆತ್ತಿ ಗೋಡೆಗೆ ಒರಗಿಸುವ ಸರ್ಕಸ್ಸು ಬೇಕಿಲ್ಲ.

ಯಾವಾಗ ಪರೀಕ್ಷೆ, ಎಷ್ಟು ಖರ್ಚು

ಹೆಂಡತಿಗೆ 35 ವರ್ಷದೊಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಇಂಥದ್ದೊಂದು ಕ್ರಮದಲ್ಲಿ ಪ್ರಯತ್ನಿಸಿ ಆಗದಿದ್ದರೆ ವೈದ್ಯರ ಬಳಿ ಹೋಗಿ. 40 ದಾಟಿದ್ದರೆ ಕಾಯುವುದು ಬೇಡ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಗಂಡನಿಗೆ ವೃಷಣದಲ್ಲಿ ಗಂಟು, ಊದಿದ ನರ, ಹಳೆಯ ಶಸ್ತ್ರಚಿಕಿತ್ಸೆ ಅಥವಾ ಪ್ರಾಯದಲ್ಲಿ ಮಂಗನಬಾವು ಬಂದು ವೃಷಣ ಊದಿಕೊಂಡದ್ದು ಇದ್ದವರು ಕೂಡ ಮೊದಲೇ ತೋರಿಸಿಕೊಳ್ಳಲಿ.

ಮೊದಲ ಪರೀಕ್ಷೆ ಗಂಡನದ್ದಾಗಲಿ. ಹೆಂಡತಿಯನ್ನು ಸ್ಕ್ಯಾನ್, ಟ್ಯೂಬ್ ಟೆಸ್ಟ್, ಲ್ಯಾಪರೊಸ್ಕೋಪಿ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿ, ಗಂಡನಿಗೆ ಒಂದು ಡಬ್ಬಿ ಕೊಡಲು ವರ್ಷ ತೆಗೆದುಕೊಳ್ಳುವ ಮನೆಗಳನ್ನು ನೋಡಿ ನನಗೆ ಸಾಕಾಗಿದೆ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧಕ್ಕೆ ಹತ್ತಿರ ಕಡೆ ಗಂಡಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಗೆ ಕೆಲವು ನೂರು ರೂಪಾಯಿ, ನೋವಿಲ್ಲ, ಚುಚ್ಚುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮೊದಲು ವಿಚಾರಿಸಿ.

ಪರೀಕ್ಷೆಗೆ ಮೂರು ನಾಲ್ಕು ದಿನ ತಡೆದು ಬನ್ನಿ. ಸಾಧ್ಯವಾದಷ್ಟೂ ಮಾದರಿಯನ್ನು ಲ್ಯಾಬಿನಲ್ಲೇ ಕೊಡಿ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು ತನ್ನಿ. ಜಗಳೂರಿನಿಂದ ಬಸ್ಸಿನಲ್ಲಿ ತಂದದ್ದು ನಮಗೆ ಉಪಯೋಗವಿಲ್ಲ. ಕಾಂಡೋಮಿನಲ್ಲಿ ಹಿಡಿಯಬೇಡಿ. ಮೊದಲ ಹನಿಗಳು ಚೆಲ್ಲಿದರೆ ಮುಚ್ಚಿಡದೆ ಹೇಳಿ, ಏಕೆಂದರೆ ವೀರ್ಯಾಣುಗಳು ಹೆಚ್ಚಾಗಿರುವುದು ಆ ಮೊದಲ ಭಾಗದಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿ ಲೀಟರ್, ಒಂದು ಮಿಲಿ ಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಮುಂದಕ್ಕೆ ಚಲಿಸುವವು ಶೇಕಡಾ 30, ಸರಿಯಾದ ಆಕಾರದವು ಶೇಕಡಾ 4. ನೂರರಲ್ಲಿ ನಾಲ್ಕೇ ಎಂದು ಗಾಬರಿಯಾಗಬೇಡಿ. ಮಗು ಪಡೆದ ಗಂಡಸರನ್ನು ನೋಡಿಯೇ ಆ ಗೆರೆ ಎಳೆದದ್ದು. ಈ ಗೆರೆಯ ಕೆಳಗಿದ್ದರೆ ಮಕ್ಕಳೇ ಆಗುವುದಿಲ್ಲ ಎಂದೇನೂ ಅರ್ಥವಲ್ಲ.

ಒಂದು ರಿಪೋರ್ಟಿನಿಂದ ತೀರ್ಮಾನ ಮಾಡಬೇಡಿ. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಹೋದ ಮೇಲೆ ಎರಡು ಮೂರು ತಿಂಗಳು ಸಂಖ್ಯೆ ಇಳಿದಿರಬಹುದು. ಗುಟ್ಕಾ ಬಿಟ್ಟ ಫಲವಾಗಲಿ, ಭಟ್ಟಿಯಿಂದ ದೂರ ಸರಿದ ಫಲವಾಗಲಿ ಕಾಣಲೂ ಅಷ್ಟೇ ಕಾಲ ಬೇಕು. ಹಾಗಾಗಿ ಬದಲಾವಣೆ ಮಾಡಿಕೊಂಡ ದಿನವನ್ನು ಬರೆದಿಟ್ಟುಕೊಂಡು ಮೂರು ತಿಂಗಳಾದ ಮೇಲೆ ಮರುಪರೀಕ್ಷೆ ಮಾಡಿಸಿ. ಎರಡೂ ರಿಪೋರ್ಟುಗಳನ್ನು, ಹೆಂಡತಿಯ ಮುಟ್ಟಿನ ತಾರೀಖುಗಳನ್ನು ಜೊತೆಗಿಟ್ಟುಕೊಂಡು ಇಬ್ಬರೂ ಒಟ್ಟಿಗೆ ಹೋಗಿ. ಐಯುಐ (ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು), ಐವಿಎಫ್ (ಅಂಡ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಕೂಡಿಸುವುದು) ಮಾತು ಬಂದರೆ, ಆ ಕೇಂದ್ರ 2021ರ ಸಂತಾನ ಸಹಾಯಕ ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ, ನೋಂದಣಿ ಪತ್ರ ನೋಡಿ. ಮಾದರಿ ಕೊಡುವ ಮೊದಲು ಎಷ್ಟು ದಿನ ತಡೆಯಬೇಕೆಂದು ಅಲ್ಲಿ ಹೇಳುತ್ತಾರೆ. ಅವರು ಹೇಳಿದ್ದಕ್ಕಿಂತ ಒಂದು ದಿನವೂ ಹೆಚ್ಚು ಕೂಡಿಡಬೇಡಿ.